ಎತ್ತಿಟ್ಟ ಹೊಸ ಸ್ಲೈಡರ್

ನಮ್ಮ ಮನೆಯಲ್ಲಿ ಹೊಸದು ಯಾವತ್ತೂ ಸುಲಭವಾಗಿ ಬಳಕೆಗೆ ಬರುವುದಿಲ್ಲ. ಇದು ನನ್ನ ಚಾಳಿ, ಗಂಡನದಲ್ಲ. ಅಮೆರಿಕದ ಮಿಶಿಗನ್ನಿನಲ್ಲಿ, ಟ್ರಾಯ್ ಊರಿನ ಈ ಮನೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಬೇಸ್‌ಮೆಂಟಿನ ಕಪಾಟು ತೆಗೆದರೆ ಡಬ್ಬಿ ಬಿಚ್ಚದ ಡಿನ್ನರ್ ಸೆಟ್ಟಿದೆ, ಚೀಟಿ ಕೀಳದ ಟವೆಲ್ಲುಗಳಿವೆ, ಯಾರೋ ಗೃಹಪ್ರವೇಶಕ್ಕೆ ಕೊಟ್ಟ ಕಾಫಿ ಮಗ್ಗುಗಳಿವೆ. ನಾವು ಕಾಫಿ ಕುಡಿಯುವುದು ಹಿಡಿ ಮುರಿದ ಮಗ್ಗಿನಲ್ಲಿ. ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ ಇವರು ಊರಿನಿಂದ ತರಿಸಿಕೊಟ್ಟ ಇಳಕಲ್ ರೇಷ್ಮೆ ಸೀರೆಯೂ ಅಲ್ಲೇ ಇದೆ. ಹಸಿರು ಒಡಲು, ಕೆಂಪು ಸೆರಗು. ಅದಕ್ಕೆ ತಕ್ಕ ಸಮಾರಂಭ ಬರಲಿ ಎಂದು ಮಡಿಕೆ ಮುರಿಯದೆ ಇಟ್ಟಿದ್ದೆ. ಆಫೀಸಿನಲ್ಲೂ ನನ್ನದು ಅದೇ ಕೆಲಸ. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಉಗ್ರಾಣದ ಲೆಕ್ಕ ನೋಡುತ್ತೇನೆ. ಹಳೆಯ ಸ್ಟಾಕ್ ಮುಗಿಯುವ ತನಕ ಹೊಸದನ್ನು ಮುಟ್ಟಲು ನಾನು ಯಾರಿಗೂ ಬಿಡುವುದಿಲ್ಲ.

ಇವರು ಹುಬ್ಬಳ್ಳಿ ಕಡೆಯವರು, ನಾನು ಮೈಸೂರಿನವಳು. ಇವರಿಗೆ ಯಂತ್ರವೆಂದರೆ ಪ್ರಾಣ. ಒಂಬತ್ತು ವರ್ಷದ ಕೆಳಗೆ ಹಿಮದ ಮೇಲೆ ಓಡಿಸುವ, ಇಬ್ಬರು ಕೂರಬಹುದಾದ ಒಂದು ಹಳೆಯ ಸ್ನೋಮೊಬೈಲ್ ಗಾಡಿ ಕೊಂಡು ತಂದರು. ಚಳಿಗಾಲ ಬಂದರೆ ಮನೆಯಲ್ಲಿ ಬೆಚ್ಚಗೆ ಕೂತು ಅವರೆಕಾಳು ಉಪ್ಪಿಟ್ಟು ತಿನ್ನುವುದು ಬಿಟ್ಟು, ಟ್ರೇಲರ್ ಕಟ್ಟಿಕೊಂಡು ಮೂರು ಗಂಟೆ ಉತ್ತರಕ್ಕೆ ಡ್ರೈವ್ ಮಾಡಿ, ಮೂಗು ಮರಗಟ್ಟಿಸಿಕೊಂಡು ಬರುವುದು ಯಾವ ಸುಖ ಎಂದು ಹಾರಾಡಿದೆ. ಪೂಜೆಗೆ ದೇವಸ್ಥಾನಕ್ಕೆ ಒಯ್ದರೆ ಅರ್ಚಕರು ನಿಂಬೆಹಣ್ಣು ಕೈಯಲ್ಲಿ ಹಿಡಿದು, "ಇದಕ್ಕೆ ಚಕ್ರ ಎಲ್ಲಿದೆಯಮ್ಮಾ?" ಎಂದು ನನ್ನನ್ನೇ ಕೇಳಿದರು. ನನಗೇನು ಗೊತ್ತು! ಆಮೇಲೆ ಪ್ರತಿ ವರ್ಷ ನಾನೂ ಹೋದೆ. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ಇವರ ಸೊಂಟ ಹಿಡಿದು, ಸಿಕ್ಕ ದೇವರನ್ನೆಲ್ಲ ಕರೆಯುತ್ತ ಕೂರುತ್ತಿದ್ದೆ. ಟ್ರೇಲರಿನಿಂದ ಗಾಡಿ ಇಳಿಸುವ ಜಾಗದಿಂದ ಹತ್ತೊಂಬತ್ತು ಮೈಲಿ ಆಚೆಗೆ ಒಂದು ಸಣ್ಣ ಊಟದ ಅಂಗಡಿಯಿತ್ತು. ಅಲ್ಲಿ ಆಲೂಗಡ್ಡೆ ಸೂಪ್ ಕುಡಿದು ವಾಪಸು ಬರುವುದು ನಮ್ಮ ವಾಡಿಕೆ. ಸತ್ಯ ಹೇಳಬೇಕೆಂದರೆ ಆ ಸೂಪಿಗಾಗಿ ನಾನೂ ಕಾಯುತ್ತಿದ್ದೆ.

ಮೂರು ವರ್ಷದ ಹಿಂದೆ ಇವರ ಕಣ್ಣಿಗೆ ಕಾಯಿಲೆ ಹತ್ತಿತು. ನೋಟ ಅಂಚಿನಿಂದ ಒಳಕ್ಕೆ ಸಾಯುತ್ತ ಬರುತ್ತದೆ. ನಡುವೆ ಇರುವುದು ಚೆನ್ನಾಗಿ ಕಾಣುತ್ತದೆ, ಪಕ್ಕದ್ದು ಇಲ್ಲ. ಪೈಪಿನಲ್ಲಿ ನೋಡಿದ ಹಾಗೆ ಎಂದು ಇವರೇ ಹೇಳುತ್ತಿದ್ದರು. ಪೈಪು ವರ್ಷ ವರ್ಷ ಸಣ್ಣದಾಯಿತು. ಕಳೆದ ವರ್ಷ ಶರತ್ಕಾಲದಲ್ಲಿ ಡಾಕ್ಟರು, ಹಗಲು ಮಾತ್ರ, ಅದೂ ಗೊತ್ತಿರುವ ರಸ್ತೆಯಲ್ಲಿ ಮಾತ್ರ ಓಡಿಸಿ, ಮಾರ್ಚಿನಲ್ಲಿ ಇನ್ನೊಂದು ಪರೀಕ್ಷೆ ಮಾಡೋಣ, ಆಮೇಲೆ ಎಲ್ಲವನ್ನೂ ನಿಲ್ಲಿಸಬೇಕಾಗಬಹುದು ಎಂದರು. ಔಷಧಿ ಕೇಳಿದೆ. ಇದಕ್ಕೆ ಔಷಧಿಯಿಲ್ಲ ಎಂದರು. ಇನ್ನೊಬ್ಬ ಡಾಕ್ಟರಲ್ಲಿಗೂ ಕರೆದುಕೊಂಡು ಹೋದೆ. ಅವರೂ ಅದನ್ನೇ ಹೇಳಿದರು.

ಮನೆಗೆ ಬರುವ ದಾರಿಯಲ್ಲಿ ಇವರು ಒಂದೇ ಮಾತು ಹೇಳಿದರು. "ಈ ಚಳಿಗಾಲ ಒಮ್ಮೆ ಆ ಸೂಪಿನ ಅಂಗಡೀತನಕ ನಾನ ಗಾಡಿ ಹೊಡೀತೀನಿ. ಆಮ್ಯಾಲೆ ಕೀಲಿ ನಿನ್ನ ಕೈಯಾಗ ಕೊಡ್ತೀನಿ, ಒಂದ ಮಾತು ಕೇಳಂಗಿಲ್ಲ."

"ಆಯ್ತು ಕಣ್ರೀ," ಎಂದೆ.

ಹಿಮವೇ ಬೀಳಲಿಲ್ಲ. ಡಿಸೆಂಬರ್ ಪೂರ್ತಿ ಹಿತ್ತಿಲ ಹುಲ್ಲು ಹಸಿರಾಗಿ ನಿಂತಿತ್ತು. ಜನವರಿಯಲ್ಲಿ ಮಳೆ ಹೊಯ್ಯಿತು, ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್, ಹಿಮ ನಿಲ್ಲದಷ್ಟು ಬೆಚ್ಚಗೆ. ಮಿಶಿಗನ್ನಿನಲ್ಲಿ ಜನವರಿಯಲ್ಲಿ ಛತ್ರಿ! ಬೆಳಿಗ್ಗೆ ಎದ್ದ ಕೂಡಲೇ ಇವರು ಫೋನನ್ನು ಮೂಗಿನ ಹತ್ತಿರ ಹಿಡಿದು ಉತ್ತರದ ಹವಾಮಾನ ನೋಡುವುದು, ನಿಟ್ಟುಸಿರು ಬಿಟ್ಟು ಮೇಜಿನ ಮೇಲಿಡುವುದು. ನಾನು ಒಲೆಯ ಮುಂದೆ ನಿಂತು ಅದನ್ನು ಕೇಳಿಸಿಕೊಳ್ಳುವುದು. ಯಾರನ್ನು ಬೈಯಲಿ? ಸಿಟ್ಟು ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದೆ.

ಸುಮ್ಮನೆ ಕೂರುವ ಮನುಷ್ಯನಲ್ಲ ಇವರು. ಹಿಮ ಕಡಿಮೆಯಾದರೆ ಕಡಿಮೆ ಹಿಮದಲ್ಲೇ ಹೋಗುವುದು ಹೇಗೆಂದು ಯೋಚಿಸತೊಡಗಿದರು. ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಸ್ನೋಮೊಬೈಲಿಗೆ ಮುಂದೆ ಎರಡು ಜಾರುವ ಹಲಗೆ, ಹಿಂದೆ ಅಗಲವಾದ ರಬ್ಬರಿನ ಟ್ರ್ಯಾಕ್. ಟ್ರ್ಯಾಕಿನ ಹೊಟ್ಟೆಯೊಳಗೆ ಎರಡು ಹಳಿ. ಹಳಿಗಳ ತಳಕ್ಕೆ ತೊಡಿಸಿರುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಗಳೇ ಸ್ಲೈಡರ್. ಗಾಡಿಯ ಭಾರ, ನಮ್ಮಿಬ್ಬರ ಭಾರ, ಎಲ್ಲ ಆ ಎರಡು ಪಟ್ಟಿಯ ಮೇಲೆ. ಟ್ರ್ಯಾಕಿನ ಕಬ್ಬಿಣದ ಕ್ಲಿಪ್ಪುಗಳು ಅದಕ್ಕೆ ಉಜ್ಜಿಕೊಂಡೇ ತಿರುಗುತ್ತವೆ. ಎಣ್ಣೆಯಿಲ್ಲ, ಗ್ರೀಸ್ ಇಲ್ಲ. ಹಿಮವೇ ಅದಕ್ಕೆ ಎಣ್ಣೆ, ಹಿಮವೇ ತಂಪು. ಹಿಮವಿಲ್ಲದ ಕಡೆ ಓಡಿಸಿದರೆ ಕಾದ ದೋಸೆಹಂಚಿನ ಮೇಲೆ ಪ್ಲಾಸ್ಟಿಕ್ ಚಮಚ ಮರೆತ ಹಾಗೆ.

ಅದಕ್ಕೆ ಇವರು ಹೊಸ ಸ್ಲೈಡರ್ ಜೊತೆಯೊಂದನ್ನು ತರಿಸಿದರು. ಮಾಮೂಲಿಯದಲ್ಲ, ಗ್ರ್ಯಾಫೈಟ್ ಬೆರೆಸಿದ ಕಪ್ಪನೆಯದು. ಬೇಗ ಕರಗುವುದಿಲ್ಲವಂತೆ. ಜೊತೆಗೆ ಸ್ಕ್ರ್ಯಾಚರ್ ಎಂಬ ಎರಡು ಸ್ಪ್ರಿಂಗ್ ಕಡ್ಡಿಗಳು ಬಂದವು. ಅವನ್ನು ಇಳಿಬಿಟ್ಟರೆ ನೆಲದ ಗಟ್ಟಿ ಹಿಮವನ್ನು ಕೆರೆದು ಪುಡಿ ಮಾಡಿ ಸ್ಲೈಡರ್ ಮೇಲೆ ಎರಚುತ್ತವೆ.

ಫೆಬ್ರವರಿ ನಡುವೆ ಉತ್ತರದಲ್ಲಿ ನಾಲ್ಕು ಇಂಚು ಬಿತ್ತೆಂಬ ಸುದ್ದಿ ಬಂತು. ಮಂಗಳವಾರ ರಜೆ ಹಾಕಿ ಹೋಗುವುದೆಂದಾಯಿತು. ವಾರದ ನಡುವೆ ದಾರಿಯಲ್ಲಿ ಜನವಿರುವುದಿಲ್ಲ. ಬೋಲಿಂಗ್‌ಬ್ರೂಕಿನಲ್ಲಿರುವ ಮಗಳು ಫೋನಿನಲ್ಲಿ, "ಮಾಮ್, ದಿಸ್ ಈಸ್ ಕ್ರೇಜಿ," ಎಂದಳು. ಅವಳು ಹೇಳಿದ್ದು ಸರಿಯೇ ಇತ್ತು.

ಶನಿವಾರ ಗ್ಯಾರೇಜಿನಲ್ಲಿ ಕೆಲಸ ಹಿಡಿದೆವು. ಆ ಹೊತ್ತಿಗೆ ಸಣ್ಣ ಬೋಲ್ಟುಗಳು ಇವರ ಪೈಪಿನೊಳಗೆ ಸಿಕ್ಕುತ್ತಿರಲಿಲ್ಲ. ಸ್ಪ್ಯಾನರ್ ನನ್ನ ಕೈಗೆ ಬಂದಿತ್ತು. ಇವರು ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳುವುದು, ನಾನು ನೆಲದ ಮೇಲೆ ರಟ್ಟು ಹಾಸಿಕೊಂಡು ಮಾಡುವುದು.

"ಟ್ರ್ಯಾಕ್ ಭಾಳ ಬಿಗಿ ಮಾಡಬ್ಯಾಡ. ಬಿಗಿ ಆದಷ್ಟು ಸ್ಲೈಡರ್ ಲಗೂನ ಸುಡತೈತಿ."

"ಗೊತ್ತಾಯ್ತು ರೀ. ನೂರು ಸಲ ಹೇಳಿದೀರ."

"ನೂರಾ ಒಂದನೇದು ಕೇಳು. ಸ್ಕ್ರ್ಯಾಚರ್ ಇಳಿಬಿಟ್ಟು ರಿವರ್ಸ್ ಹೊಡೀಬಾರದು, ಮುರೀತಾವು."

ಹಳಿಯ ಮುಂದಿನ ತುದಿಯಲ್ಲಿ ಒಂದೊಂದು ಬೋಲ್ಟ್. ಅದನ್ನು ಬಿಚ್ಚಿ ಹಳೆಯ ಪಟ್ಟಿಯನ್ನು ಬಡಿದು ಜಾರಿಸಿ ತೆಗೆದು, ಸೋಪಿನ ನೀರು ಸವರಿ ಹೊಸದನ್ನು ತೂರಿಸಬೇಕು. ಬಿಚ್ಚಿದೆ. ಅರ್ಧ ಎಳೆದೆ. ಆಗಲೇ ಮಗಳ ಫೋನ್ ಬಂತು, ಇವರು ಗೋಡೆ ಹಿಡಿದುಕೊಂಡು ಒಳಗೆ ಹೋದರು. ನಾನು ಹಳೆಯ ಪಟ್ಟಿಯ ಹೊರಬಂದ ಭಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ಸವೆತ ಇಲ್ಲಿಗೆ ಬಂದರೆ ಬದಲಿಸಿ ಎಂದು ತೋರಿಸುವ ಒಂದು ಗೆರೆ ಅದರಲ್ಲಿರುತ್ತದೆ. ಆ ಗೆರೆಗಿಂತ ಇನ್ನೂ ಒಂದು ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಉಳಿದಿತ್ತು. ಪಕ್ಕದಲ್ಲಿ ಹೊಸದು, ಕನ್ನಡಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ನಾಲ್ಕು ಇಂಚು ಹಿಮಕ್ಕೆ, ಅದೂ ಕೆಳಗೆ ಜಲ್ಲಿ ಇರುವ ದಾರಿಗೆ, ಇಂಥದ್ದನ್ನು ಹಾಕಿ ಹಾಳು ಮಾಡುವುದೇ? ಎರಡು ವಾರದಲ್ಲಿ ದೊಡ್ಡ ಹಿಮ ಬರುತ್ತದಂತೆ. ಆಗ ಹಾಕಿದರಾಯಿತು. ಹಳೆಯದು ಈ ಸಲಕ್ಕೆ ಖರ್ಚಾಗಲಿ.

ಹಳೆಯದನ್ನೇ ಒಳಕ್ಕೆ ನೂಕಿ ಬೋಲ್ಟ್ ಬಿಗಿದೆ. ಹೊಸದನ್ನು ಡಬ್ಬಿಗೆ ಹಾಕಿ ಬೇಸ್‌ಮೆಂಟಿಗೆ ಒಯ್ದು ಕಪಾಟಿನಲ್ಲಿ ಸೀರೆಯ ಪಕ್ಕ ಇಟ್ಟು ಬಂದೆ.

ಇವರು ಮತ್ತೆ ಬಂದು ಸ್ಟೂಲಿನ ಮೇಲೆ ಕೂತರು. "ಹೊಸಾವು ಸರಿಯಾಗಿ ಕುಂತೂವೇನು?"

"ಹೂಂ, ಕೂತ್ವು."

"ಭಾಳ ಛಲೋ ಆತು. ನಿನ್ನ ಕೈ ಮೆಕ್ಯಾನಿಕ್ ಕೈ ಆಗೈತಿ ನೋಡು."

ಯಾಕೆ ಹಾಗೆಂದೆ? ಹೇಳಿದ್ದರೆ ಜಗಳವಾಗುತ್ತಿತ್ತು, ಜಗಳದಲ್ಲಿ ಅವರು ಗೆಲ್ಲುತ್ತಿದ್ದರು, ಹೊಸದನ್ನು ಹಾಕಬೇಕಾಗುತ್ತಿತ್ತು. ಅಷ್ಟೇ. ಇವರಿಗೆ ಕಾಣುವುದಿಲ್ಲ ಎನ್ನುವುದು ಆ ಗಳಿಗೆಯಲ್ಲಿ ನನಗೆ ಅನುಕೂಲವಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಮಂಗಳವಾರ ನಾನೇ ಕಾರು ಓಡಿಸಿದೆ. ಬೇ ಸಿಟಿ ದಾಟುವ ತನಕ ನೆಲದ ಮೇಲೆ ಬಿಳಿ ಎಂಬುದೇ ಇಲ್ಲ, ಆಮೇಲೆ ಅಲ್ಲಲ್ಲಿ ಸುಣ್ಣ ಚೆಲ್ಲಿದ ಹಾಗೆ ಕಾಣತೊಡಗಿತು. ನಾವು ಹೋಗುವ ದಾರಿ ಹಿಂದೆ ರೈಲು ಓಡುತ್ತಿದ್ದದ್ದು. ಹಳಿ ಕಿತ್ತು ಜಲ್ಲಿ ಉಳಿಸಿದ್ದಾರೆ. ನೇರ, ಚಪ್ಪಟೆ, ಅಗಲ. ಪೈಪಿನಲ್ಲಿ ನೋಡುವವರಿಗೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸ್ಲೈಡರಿಗೆ ಅದಕ್ಕಿಂತ ಕೆಟ್ಟ ದಾರಿಯೂ ಇಲ್ಲ. ದಾರಿಯ ನಡುಭಾಗ ಗಾಜಿನಂತೆ ಗಟ್ಟಿಯಾಗಿತ್ತು, ಅಲ್ಲಲ್ಲಿ ಜಲ್ಲಿ ಇಣುಕುತ್ತಿತ್ತು. ಅಂಚಿನಲ್ಲಿ ಮಾತ್ರ ಒಂದು ಗೇಣು ಅಗಲಕ್ಕೆ ಸಡಿಲ ಹಿಮವಿತ್ತು.

ಇವರು ಹ್ಯಾಂಡಲ್ ಹಿಡಿದರು. ನಾನು ಹಿಂದೆ ಕೂತೆ. ಒಂಬತ್ತು ವರ್ಷ ಕಣ್ಣು ಮುಚ್ಚಿ ಕೂತವಳು ಅವತ್ತು ಎರಡೂ ಕಣ್ಣು ಬಿಟ್ಟುಕೊಂಡು ಕೂರಬೇಕಾಯಿತು. ಇವರ ಎಡಗಡೆಯ ನೋಟ ನಾನು, ಬಲಗಡೆಯದೂ ನಾನೇ. ನಾಯಿಯ ಜೊತೆ ನಡೆಯುವವರಿದ್ದಾರೆ, ಬಲಕ್ಕೆ ಕಂಬ, ಮುಂದೆ ರಸ್ತೆ ಅಡ್ಡ ಬರುತ್ತದೆ ನಿಲ್ಲಿಸಿ. ಹೆಲ್ಮೆಟ್ಟಿನೊಳಗಿನ ಮೈಕಿನಲ್ಲಿ ಒಂದೇ ಸಮ ಕೂಗುತ್ತಿದ್ದೆ. ಸ್ಕ್ರ್ಯಾಚರುಗಳು ಹಿಂದೆ ಕರಕರ ಎನ್ನುತ್ತಿದ್ದವು. ಇಪ್ಪತ್ತು ಮೈಲಿ ವೇಗ, ಅದಕ್ಕಿಂತ ಹೆಚ್ಚಿಲ್ಲ.

"ಅಂಚಿನ ಮ್ಯಾಲೆ ಹೋಗೂಣು, ಅಲ್ಲಿ ಮೆತ್ತನ ಸ್ನೋ ಐತಿ. ಅಂಚು ಎಷ್ಟು ದೂರ ಐತಿ ಹೇಳು."

"ಇನ್ನೊಂದಡಿ ಬಲಕ್ಕೆ. ಸಾಕು, ಸಾಕು! ಅಯ್ಯೋ, ಸಾಕು ಅಂದ್ನಲ್ರೀ!"

ಇವರು ನಕ್ಕರು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ. ಎರಡು ಮೈಲಿಗೊಮ್ಮೆ ಗಾಡಿಯನ್ನು ಪಕ್ಕದ ಹಿಮದ ಗುಡ್ಡೆಗೆ ನುಗ್ಗಿಸಿ, ಸ್ಲೈಡರಿಗೆ ತಂಪು ಕುಡಿಸಿ, ಮತ್ತೆ ಹೊರಡುತ್ತಿದ್ದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸೂಪ್ ಸಿಕ್ಕಿಯೇ ಬಿಟ್ಟಿತು ಅಂದುಕೊಂಡೆ.

ಒಂಬತ್ತನೆಯ ಮೈಲಿಯಲ್ಲಿ ವಾಸನೆ ಬಂತು. ಮಿಕ್ಸಿಯ ವೈರ್ ಸುಟ್ಟಂಥ ವಾಸನೆ. ಇವರು ನಿಲ್ಲಿಸಿ ಮೂಗೆಳೆದು ನೋಡಿದರು.

"ಹೊಸಾ ಸ್ಲೈಡರ್ ಮೊದಮೊದಲು ಹಿಂಗ ವಾಸನಿ ಹೊಡೀತಾವು. ಹೊಂದಿಕೊಳ್ಳಾಕತ್ತಾವು. ಹಳೇವು ಆಗಿದ್ರ ಇಲ್ಲಿಂದನ ಗಾಡಿ ಹಿಂದಕ ತಿರುಗಿಸ್ತಿದ್ದೆ."

ಬಾಯಿ ಬಿಟ್ಟು ಹೇಳಿಬಿಡಬೇಕಿತ್ತು. ಜಗತ್ತಿನ ಎಲ್ಲರಿಗೂ ಎಲ್ಲವನ್ನೂ ಹೇಳುವ ನನ್ನ ಬಾಯಿ ಅವತ್ತು ಏಳಲಿಲ್ಲ. ಹೇಳಿದರೆ ವಾಪಸು, ಸೂಪ್ ಇಲ್ಲ, ಇವರ ಕೊನೆಯ ಸವಾರಿ ಅರ್ಧಕ್ಕೆ. ಹೇಳದಿದ್ದರೆ ಒಂದು ವೇಳೆ ತಲುಪಬಹುದು. ಇನ್ನು ಹತ್ತೇ ಮೈಲಿ. ಅಕ್ಕಿಕಾಳಿನಷ್ಟಿದೆಯಲ್ಲ ಎಂದು ಎಣಿಸಿದೆ.

"ನಾನು ಇಳಿದು ಸ್ವಲ್ಪ ದೂರ ನಡೀತೀನಿ ರೀ," ಎಂದೆ. "ಭಾರ ಕಮ್ಮಿ ಆಗತ್ತೆ."

"ಹುಚ್ಚಿ! ನೀ ಇಳಿದ್ರ ಎಡಕ್ಕ ಏನೈತಿ, ಬಲಕ್ಕ ಏನೈತಿ ಅಂತ ನನಗ ಯಾರು ಹೇಳಬೇಕು?"

ಕೂತರೆ ನನ್ನ ಭಾರಕ್ಕೆ ಸ್ಲೈಡರ್ ಕರಗುತ್ತದೆ, ಇಳಿದರೆ ಇವರಿಗೆ ಕಣ್ಣಿಲ್ಲ. ಕೂತೇ ಇದ್ದೆ. ಉಸಿರು ಹಿಡಿದು ಕೂತರೆ ತೂಕ ಕಡಿಮೆಯಾಗುತ್ತದೇನೋ ಎಂಬಂತೆ ಉಸಿರು ಹಿಡಿದೆ.

ಹನ್ನೆರಡನೆಯ ಮೈಲಿಯಲ್ಲಿ ಮರದ ಹಲಗೆಯ ಉದ್ದನೆಯ ಸೇತುವೆ. ಗಾಳಿ ಹಿಮವನ್ನೆಲ್ಲ ಗುಡಿಸಿ ಹಾಕಿತ್ತು, ಬರೀ ಹಲಗೆ. ಅದು ದಾಟಿದ ಮೇಲೆ ಬಿಸಿಲು ಬಿದ್ದ ಜಲ್ಲಿ. ಕಿರ್ರ್ ಎಂದು ಒಂದು ಸದ್ದು, ಕೆಳಗಿನಿಂದ ಹೊಗೆ, ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ಗಾಡಿ ನಿಂತಿತು. ಇವರು ಅಕ್ಸಿಲರೇಟರ್ ಒತ್ತಿದರು. ಅಲುಗಲಿಲ್ಲ.

ನಾನು ಫ್ಲಾಸ್ಕಿನ ಮುಚ್ಚಳದಲ್ಲಿ ಅಂಚಿನ ಹಿಮವನ್ನು ಬಾಚಿ ಬಾಚಿ ತಂದು ಸುರಿದೆ. ಚುಂಯ್ ಎಂದು ಆವಿ ಎದ್ದಿತು, ಅಷ್ಟೇ. ಕರಗಿದ ಪ್ಲಾಸ್ಟಿಕ್ ಕ್ಲಿಪ್ಪುಗಳಿಗೆ ಅಂಟಿಕೊಂಡು ಆಗಲೇ ಗಟ್ಟಿಯಾಗುತ್ತಿತ್ತು. ಇವರು ಮಂಡಿಯೂರಿ ಕೂತರು. ಗ್ಲೌಸ್ ತೆಗೆದು ಟ್ರ್ಯಾಕಿನ ಕಂಡಿಯೊಳಗೆ ಬೆರಳು ತೂರಿಸಿ, ಹಳಿಯ ಮುಂದಿನ ತುದಿಯಿಂದ ಹಿಂದಿನವರೆಗೆ ಮೆಲ್ಲಗೆ ಸವರಿದರು. ಮುಂದಿನ ತುದಿಯಲ್ಲಿ, ಕ್ಲಿಪ್ಪು ತಾಗದ ಜಾಗದಲ್ಲಿ, ಬೆರಳು ನಿಂತಿತು. ಅಲ್ಲಿ ಒಂಬತ್ತು ಚಳಿಗಾಲದ ಗೀರುಗಳಿದ್ದವು.

"ಇವು ಹಳೇವು," ಎಂದರು.

ನಾನು ಅತ್ತುಬಿಟ್ಟೆ. ದೊಡ್ಡ ಹಿಮ ಬರುತ್ತದೆ ಅಂದುಕೊಂಡೆ, ಹೊಸದು ಹಾಳಾಗುತ್ತದೆ ಅಂದುಕೊಂಡೆ, ಇನ್ನೂ ಸ್ವಲ್ಪ ಉಳಿದಿತ್ತು ಎಂದೆಲ್ಲ ಬಡಬಡಿಸಿದೆ. ಬೈಯಲಿ, ಕೂಗಾಡಲಿ ಎಂದು ಕಾದೆ. ಇವರು ಗ್ಲೌಸ್ ಹಾಕಿಕೊಂಡು ಸೀಟಿನ ಮೇಲೆ ಹೋಗಿ ಕೂತು ನೇರ ಮುಂದಕ್ಕೆ ನೋಡಿದರು. ದಾರಿ ನೇರವಾಗಿತ್ತು, ಅದು ಅವರಿಗೆ ಚೆನ್ನಾಗಿ ಕಾಣುತ್ತಿತ್ತು.

ಮುಕ್ಕಾಲು ಗಂಟೆಯ ಮೇಲೆ ಸ್ನೋಮೊಬೈಲಿನಲ್ಲಿ ಒಬ್ಬ ಮುದುಕ ಬಂದ. ಪುಣ್ಯಾತ್ಮ, ಕೊಕ್ಕೆ ಕಡ್ಡಿಯಲ್ಲಿ ಅಂಟನ್ನು ಕೆತ್ತಿ ಟ್ರ್ಯಾಕ್ ಬಿಡಿಸಿ, ಹಗ್ಗ ಕಟ್ಟಿ ನಮ್ಮ ಗಾಡಿಯನ್ನು ಎಳೆದುಕೊಂಡು ಹೊರಟ. ನನ್ನನ್ನು ಅವನ ಹಿಂದೆ ಕೂರಿಸಿದ. ಇವರು ನಮ್ಮ ಗಾಡಿಯ ಮೇಲೆ, ಹ್ಯಾಂಡಲ್ ಹಿಡಿದು, ಹಗ್ಗ ಎಳೆದತ್ತ ತಿರುಗಿಸುತ್ತ ಬಂದರು. ನಡಿಗೆಯ ವೇಗ. ಹನ್ನೆರಡು ಮೈಲಿ ನಾನು ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಇದ್ದೆ. ಕಾರಿನ ಹತ್ತಿರ ಬಂದಾಗ ಇವರು, "ಎಂಜಿನ್ ಇಲ್ಲದ ಹೊಡದ್ರೂ ಹೊಡದಂಗ ಬಿಡು," ಎಂದು ನಕ್ಕರು. ಆ ನಗು ಬೇರೆ ಥರ ಇತ್ತು.

ಗುರುವಾರ ಉತ್ತರದಲ್ಲೂ ಮಳೆಯಾಯಿತು. ಆ ದೊಡ್ಡ ಹಿಮ ಬರಲೇ ಇಲ್ಲ. ನಾನು ಆ ವಾರವೇ, ಹುಚ್ಚು ಹಿಡಿದವಳಂತೆ, ಗ್ಯಾರೇಜಿನಲ್ಲಿ ಒಬ್ಬಳೇ ಕೂತು ಹೊಸ ಸ್ಲೈಡರ್ ತೊಡಿಸಿದೆ. ಇವರು ಬಂದು ಬೆರಳಾಡಿಸಿ ನೋಡಿ, "ಸರಿ ಕುಂತಾವು," ಎಂದರು. ಮಾರ್ಚಿನಲ್ಲಿ ಪರೀಕ್ಷೆಯಾಯಿತು. ಇನ್ನು ಯಾವ ಗಾಡಿಯನ್ನೂ ಓಡಿಸಕೂಡದು ಎಂದರು ಡಾಕ್ಟರು. ಇವರು ಆಡಿದ ಮಾತಿನಂತೆ ಕಾರಿನ ಕೀಲಿಯನ್ನೂ ಗಾಡಿಯ ಕೀಲಿಯನ್ನೂ ನನ್ನ ಕೈಗೆ ಕೊಟ್ಟರು, ಒಂದು ಮಾತೂ ಕೇಳಲಿಲ್ಲ.

ಈ ವರ್ಷ ಅಕ್ಟೋಬರಿನಲ್ಲಿ ಗಾಡಿ ಮಾರಿದೆವು. ಕೊಳ್ಳಲು ಬಂದದ್ದು ನಮ್ಮದೇ ವಯಸ್ಸಿನ ಗಂಡ ಹೆಂಡತಿ. ಆ ಮನುಷ್ಯ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದ. ಇವರು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ, ಸ್ಲೈಡರ್ ಹೊಚ್ಚ ಹೊಸದು, ಗ್ರ್ಯಾಫೈಟ್, ಒಂದು ಮೈಲಿಯೂ ಓಡಿಲ್ಲ, ನನ್ನ ಹೆಂಡತಿಯೇ ಹಾಕಿದ್ದು ಎಂದರು. ಆ ಹೆಂಗಸು ನನ್ನ ಕಡೆ ತಿರುಗಿ ನೀವು ಬಹಳ ಜೋಪಾನದವರು ಎಂದು ಹೊಗಳಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವರು ಗಾಡಿಯನ್ನು ಟ್ರೇಲರಿಗೆ ಏರಿಸಿ, ಪಟ್ಟಿ ಬಿಗಿದು, ಕೈ ಬೀಸಿ ಹೋದರು.

ಅಡುಗೆಮನೆಗೆ ಬಂದು ಟೀಗೆ ನೀರಿಟ್ಟೆ. ಇವರು ಮೇಜಿನ ಮುಂದೆ ಕೂತು ಹಿಡಿ ಮುರಿದ ಮಗ್ಗನ್ನು ಕೈಯಲ್ಲಿ ತಿರುಗಿಸುತ್ತಿದ್ದರು.

"ಆ ಸ್ಲೈಡರ್ ಡಬ್ಬಿ ಆಗ ಎಲ್ಲಿ ಇಟ್ಟಿದ್ದಿ?"

ಎಂಟು ತಿಂಗಳಲ್ಲಿ ಅವರು ಆ ವಿಷಯ ಎತ್ತಿದ್ದು ಅದೇ ಮೊದಲು.

"ಬೇಸ್‌ಮೆಂಟಲ್ಲಿ. ನೀವು ಕೊಡಿಸಿದ ಸೀರೆ ಪಕ್ಕ."

"ಆ ಸೀರಿ ಇನ್ನಾ ಉಟ್ಟಿಲ್ಲೇನು?"

"ಒಳ್ಳೇ ಫಂಕ್ಷನ್ ಬರ್ಲಿ ಅಂತ..."

"ಈಗ ಉಟ್ಟುಕೊಂಡು ಬಾ. ನನಗ ಇನ್ನಾ ಒಂದೀಟು ಕಾಣತೈತಿ."

ಒಲೆ ಆರಿಸಿ ಕೆಳಗೆ ಹೋದೆ. ಮಡಿಕೆಗಳು ಕಚ್ಚಿಕೊಂಡಿದ್ದವು. ಅದಕ್ಕೆಂದು ಹೊಲಿಸಿದ್ದ ರವಿಕೆಯಲ್ಲಿ ನನ್ನ ತೋಳು ಹೋಗಲಿಲ್ಲ. ಸ್ವೆಟರಿನ ಮೇಲೆಯೇ ಸೀರೆ ಸುತ್ತಿಕೊಂಡು ಮೇಲೆ ಬಂದು ಇವರ ಮುಂದೆ ನಿಂತೆ. ಇವರು ತಲೆಯನ್ನು ಮೇಲೆ, ಕೆಳಗೆ, ಆ ಕಡೆ, ಈ ಕಡೆ ಆಡಿಸಿ ನೋಡಿದರು. ನನ್ನನ್ನು ತುಂಡು ತುಂಡಾಗಿ ಹುಡುಕುತ್ತಿದ್ದರು.

"ಒಂದೀಟು ಹಿಂದಕ ಸರಿ. ದೂರ ಇದ್ದಷ್ಟು ಜಾಸ್ತಿ ಕಾಣತೈತಿ. ಸೆರಗು ಕಾಣವಲ್ದು."

ಸರಿದೆ.

"ಇನ್ನೊಂದೀಟು. ಹಸಿರು ಕಾಣಾಕತ್ತೈತಿ. ಸೆರಗು ಇನ್ನಾ ಬಂದಿಲ್ಲ. ಹಿಂದಕ ಹೋಗು."

ಮತ್ತೆ ಸರಿದೆ. ಬೆನ್ನಿಗೆ ಫ್ರಿಜ್ ತಣ್ಣಗೆ ತಾಗಿತು. ನಮ್ಮ ಅಡುಗೆಮನೆ ಅಷ್ಟೇ ಉದ್ದ.

"ಇನ್ನೊಂದೀಟು," ಎಂದರು.